ಬೈಂಡಿಂಗಿಗೆ ಬಂದದ್ದು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನನ್ನ ಅಂಗಡಿ.
ಬಾಗಿಲಿಗಿಂತ ದೊಡ್ಡದು ಒಳಗಿರುವ ಕಟಿಂಗ್ ಮಷೀನು;
ಅದನ್ನಿಟ್ಟ ಮೇಲೆ ಗೋಡೆ ಕಟ್ಟಿಸಿದ್ದು ಅಂತ
ಅಬ್ಬಾ ಹೇಳುತ್ತಿದ್ದರು, ನಗದೆ.

ಶುಕ್ರವಾರ ದಯಾವತಿ ಟೀಚರ್ ಬಂದರು,
ಟವೆಲಿನಲ್ಲಿ ಸುತ್ತಿದ ಪುಸ್ತಕ ಎದೆಗೊತ್ತಿಕೊಂಡು
ಪೆಟ್ಟಾದ ಬೆಕ್ಕನ್ನು ತಂದ ಹಾಗೆ.
"ಮೂರೇ ತಿಂಗಳಿಗೆ ಬೆನ್ನು ಬಿಟ್ಟಿದೆ, ಮೆಹರ್.
ಪೆನ್ಸಿಲಲ್ಲಿ ಗೀಚಿದ್ದಾರೆ, ಅದನ್ನೂ ಅಳಿಸಿಬಿಡು.
ಹಳೇ ಪೇಪರು ಮಾರಿ ಮಕ್ಕಳೇ ಕೂಡಿಸಿದ ದುಡ್ಡು,
ಸಾವಿರದ ಇನ್ನೂರು."

ಬಿಚ್ಚಿದೆ.
ಮೊದಲ ಪುಟಕ್ಕೇ ಕೈ ಒರೆಸಿಕೊಂಡೆ ದುಪಟ್ಟಾಕ್ಕೆ.
ನವಿಲ ಕೊರಳಿನ ಬಣ್ಣದ ಕತ್ತಲು,
ಅದರೊಳಗೆ ಕೊಂಬು ಮೂಡಿದ ಹುಡುಗಿ,
ಹೆಗಲಿಗಂಟಿ ಕೂತ ಒಂದು ಕಾಡುಪಾಪ.
ಒಂದೊಂದು ಎಲೆಗೂ ಬೇರೆ ಬೇರೆ ನರ.
ನಲವತ್ತನೇ ಪುಟದಲ್ಲಿ ಮೋಡ ಸೀಳಿಕೊಂಡು
ತಿಮಿಂಗಿಲ, ಎರಡೂ ಮಗ್ಗುಲು ತುಂಬಿ,
ಹೊಟ್ಟೆಯೊಳಗೆ ಊರು, ಊರೊಳಗೆ ಮನೆ,
ಕಿಟಕಿಗೊಂದೊಂದು ಬೆಳಕು.
ಟೀ ಕೆನೆಗಟ್ಟಿತು. ಹೊರಗೆ ಯಾರೋ
ಜೆರಾಕ್ಸ್ ಇದೆಯಾ ಅಂತ ಕೇಳಿ ಹೋದರಂತೆ.

ಆಮೇಲೆ ಓದಿದೆ.

ಹುಡುಗಿ ಹೊರಡುತ್ತಾಳೆ. ಯಾಕೆಂದು ಅವಳಿಗೇ ಗೊತ್ತಿಲ್ಲ.
ಹೊಳೆ ಬಂದರೆ ದೋಣಿ ಸಿದ್ಧ,
ದೋಣಿಗೆ ಅಂಬಿಗ ಸಿದ್ಧ,
ಅಂಬಿಗನ ಬಾಯಲ್ಲಿ ನೀತಿಪಾಠ ಸಿದ್ಧ.
ಅರವತ್ತನೇ ಪುಟಕ್ಕೆ ರಾಕ್ಷಸ ಕ್ಷಮೆ ಕೇಳುತ್ತಾನೆ;
ಏನು ತಪ್ಪು ಮಾಡಿದ್ದ ಪಾಪ,
ಅದನ್ನು ಹೇಳುವುದೇ ಮರೆತುಹೋಗಿದೆ.
ಹೊರಗೆ ಥಳಕು ಒಳಗೆ ಹುಳುಕು ಅನ್ನುತ್ತಾರಲ್ಲ,
ಇದರೊಳಗೆ ಹುಳುಕೂ ಇಲ್ಲ.
ಇದ್ದಿದ್ದರೆ ಅದೇ ಒಂದು ಕಥೆಯಾಗುತ್ತಿತ್ತು.

ಹಿಂಬದಿ ರಟ್ಟಿನಲ್ಲಿ ಚಿನ್ನದಕ್ಷರ:
ಎಂಟರಿಂದ ಎಂಬತ್ತರವರೆಗೆ, ಎಲ್ಲರಿಗೂ.

ಯಾರು ಎಲ್ಲಿವರೆಗೆ ಓದಿದರು ಅಂತ
ನಮ್ಮಂಥವರನ್ನು ಕೇಳಬೇಕು. ಅಂಚಿನ ಕೊಳೆ ಸುಳ್ಳಾಡುವುದಿಲ್ಲ.
ಇಪ್ಪತ್ತೆರಡು ಪುಟ ಕಪ್ಪು:
ಮಂಡಕ್ಕಿಯ ಎಣ್ಣೆ, ಚಾಕ್‌ಪೀಸು, ಒಂದು ಕಡೆ ಮಾವಿನ ಸೊನೆ.
ಅಲ್ಲಿಂದಾಚೆ ಹಾಲುಬಿಳುಪು.
ಮತ್ತೆ ನಲವತ್ತಕ್ಕೆ ಬೆರಳೋ ಬೆರಳು,
ನೆಟ್ಟಗೆ ತಿಮಿಂಗಿಲಕ್ಕೆ ಹಾರಿ, ನೋಡಿ, ಮುಚ್ಚಿದ್ದಾರೆ.
ಬೆನ್ನು ಮುರಿದಿರುವುದೂ ಅಲ್ಲೇ.

ಅದೇ ಶಾಲೆಯಿಂದ ಹೋದ ವರ್ಷ ಬಂದಿತ್ತು
ಇನ್ನೊಂದು ಪುಸ್ತಕ. ಭದ್ರಾವತಿ ಮಿಲ್ಲಿನ ಕಾಗದ, ಹಳದಿಗಟ್ಟಿದ್ದು,
ಚಿತ್ರವೆಂದರೆ ಮಸಿ ಕದಡಿದ ಒಂದೇ ನರಿ.
ಉದ್ದಕ್ಕೂ ಕೊಳೆ. ಕೊನೇ ಹಾಳೆಯೇ ಇರಲಿಲ್ಲ,
ಯಾರೋ ಹರಿದುಕೊಂಡು ಹೋಗಿದ್ದರು.
ಅಷ್ಟು ಬೇಕಾಗಿತ್ತು ಅವರಿಗೆ.

ಆದರೂ ಆ ನರ ಬಿಡಿಸಿದವರ ಮೇಲೆ ಸಿಟ್ಟು ಬರಲಿಲ್ಲ ನನಗೆ.
ಎಷ್ಟು ರಾತ್ರಿ ಕೂತರೋ, ಕಣ್ಣೆಷ್ಟು ಉರಿಯಿತೋ.
ಚಪ್ಪರ ಹಾಕಿ, ತೋರಣ ಕಟ್ಟಿ, ರಂಗೋಲಿ ಬಿಟ್ಟು
ಕಾದಿದ್ದಾರೆ. ದಿಬ್ಬಣ ಬರಲಿಲ್ಲ, ಅಷ್ಟೇ.

ನೂಲಿಗೆ ಮೇಣ ಸವರಿದೆ.
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ,
ಹುಳವಾದರೂ ದೂರವಿರಲಿ ಎಂದು. ಎಂಟು ಹೊಲಿಗೆ,
ತಿಮಿಂಗಿಲದ ಕಿಟಕಿಗೆಲ್ಲೂ ಸೂಜಿ ತಾಗದ ಹಾಗೆ.

ಕೊನೆಗೆ ರಬ್ಬರು.
ರಾಕ್ಷಸನ ಮೀಸೆ ಹೋಯಿತು.
ಅಂಬಿಗನ ಕನ್ನಡಕ, ಕೈಯ ಸಿಗರೇಟು ಹೋದವು.
ಮೂವತ್ತಮೂರನೇ ಪುಟದಲ್ಲಿ ಕೈ ನಿಂತಿತು.
ಬಿಳಿ ಅಂಚಿನಲ್ಲಿ ಒಂದೇ ಒಂದು ಹೆಬ್ಬೆರಳು;
ಕೊಂಬಿನ ಹುಡುಗಿ ಬಂಡೆ ಮೇಲೆ ಸುಮ್ಮನೆ ಕೂತಿದ್ದಾಳೆ,
ಅವಳ ತಲೆಯ ಪಕ್ಕ, ಆಕಾಶದ ಖಾಲಿ ಜಾಗದಲ್ಲಿ
ಗುಂಡಗುಂಡನೆ ಅಕ್ಷರ:
"ನಂಗೆ ಹಸಿವಾಗ್ತಿದೆ.
ಮನೆಗೆ ಹೋದ್ರೆ ಅಮ್ಮ ಹೊಡೀತಾಳೆ."

ಹೊರಟದ್ದು ಯಾಕೆಂದು ಈಗ ಗೊತ್ತಾಯಿತು.

ಕೈಬೆರಳಿನಿಂದ ರಬ್ಬರಿನ ಪುಡಿ ಕೊಡವಿದೆ.
ಸೋಮವಾರ ಟೀಚರ್ ಕೇಳಿದರೆ,
ಯಾರೋ ತುಂಬಾ ಒತ್ತಿ ಬರೆದಿದ್ದಾರೆ,
ಹೋಗಲಿಲ್ಲ ಅಂತೀನಿ.